ಹೊಗಿ ಬಡದೈತಿ

ಕಳೆದ ತಿಂಗಳು ಗೆಳೆಯನೊಬ್ಬ ಆರ್ಡ್‌ಬೆಗ್‌ನ ಲಿಮಿಟೆಡ್ ಎಡಿಷನ್ ಬಾಟಲಿ ತೆರೆದ. ಮೂರು ಜನ, ಮೂರು ಗ್ಲಾಸು, ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡಬೇಕು. ಮೂಗಿನ ಹತ್ತಿರ ತಂದೆ ನೋಡಿ, ಸೀದಾ ಹಡಗಲಿ ಪಕ್ಕದ ನಮ್ಮ ಮಾಗಳದ ಅಡುಗೆಮನೆ! ಕುಳ್ಳಿನ ಒಲೆ ಮೇಲಿನ ಹಾಲಿಗೆ ಈ ವಾಸನೆ ಹತ್ತಿದರೆ ಅಜ್ಜಿ "ಹೊಗಿ ಬಡದೈತಿ, ಕುಡೀಬ್ಯಾಡ" ಅಂತ ಲೋಟ ಕಸಿದುಕೊಳ್ಳುತ್ತಿದ್ದಳು.

ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲೂ ಈ ಹೊಗೆ ಶೋಕಿಗೆ ಬಂದದ್ದಲ್ಲ. ಅಲ್ಲಿ ಮರ ಕಡಿಮೆ, ಕಲ್ಲಿದ್ದಲು ಇಲ್ಲ. ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತ ಗಿಡಗಂಟಿಯ ಮಣ್ಣೇ ಉರುವಲು, ಅದೇ ಪೀಟ್. ಅದರ ಬೆಂಕಿಯಲ್ಲಿ ಮೊಳಕೆ ಬಾರ್ಲಿ ಒಣಗಿಸಿದರು, ಹೊಗೆ ಕಾಳಿಗೆ ಹತ್ತಿತು. ವಿಸ್ಕಿಗೆ ಬೇಡಿಕೆ ಕುಸಿದಾಗ, 1815ರಿಂದ ನಡೆದಿದ್ದ ಆರ್ಡ್‌ಬೆಗ್‌ಗೆ 1981ರಲ್ಲಿ ಬೀಗ ಬಿತ್ತು. 1997ರಲ್ಲಿ ಗ್ಲೆನ್‌ಮೊರಾಂಜಿ ಕೊಂಡ ಮೇಲೆ ಚೇತರಿಸಿಕೊಂಡಿತು.

ನಮ್ಮ ಬೆಂಗಳೂರಿನ ಅಮೃತ್ ಇಂಥ ಹೊಗೆ ಬಾರ್ಲಿಯನ್ನು ಸ್ಕಾಟ್ಲೆಂಡಿನಿಂದ ತರಿಸಿತು. ಅದರ ವಿಸ್ಕಿಗೆ ಇಲ್ಲಿನ ಬಾರ್ಲಿಯ ವಿಸ್ಕಿ ಬೆರೆಸಿ 'ಫ್ಯೂಷನ್' ಮಾಡಿತು. 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೆ ಕೊಟ್ಟದ್ದು 97 ಅಂಕ!

ನಮ್ಮ ಬಾಟಲಿಗೆ ಬರೋಣ. ನಾಲಿಗೆ ಮೇಲೆ ಉಪ್ಪು, ನಿಂಬೆ, ಕೊನೆಗೆ ಬೂದಿ. ಗೆಳೆಯರು 92, 94 ಅಂದರು. ನಾನು 88ಕ್ಕೆ ನಿಂತೆ. ರುಚಿಯಲ್ಲಿ ತಪ್ಪಿರಲಿಲ್ಲ. ಆದರೆ ಆ ಹೊಗೆಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದ ಅಜ್ಜಿಯ ಕೆಮ್ಮು ಕೊನೆತನಕ ಹೋಗಲಿಲ್ಲ. ಮನೆಗೆ ಗ್ಯಾಸ್ ಬಂದ ದಿನ ಮೊದಲು ಹಾಲು ಕಾಸಿ, ಒಂದು ಗುಟುಕು ಕುಡಿದು, "ಈಗ ಛಲೋ ಆತು ನೋಡು" ಅಂದಿದ್ದಳು.

ಅವಳನ್ನೂ ಜಡ್ಜ್ ಮಾಡಿ ಕೂರಿಸಿದ್ದರೆ 88 ಕೂಡ ಜಾಸ್ತಿಯಾಗುತ್ತಿತ್ತು.