ಮಕ್ಕಳ ಉಚ್ಚಾರಣಾ ದೋಷ ಮತ್ತು ವಾಕ್ ಚಿಕಿತ್ಸೆ: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಉಚ್ಚಾರಣಾ ದೋಷ ಎಂದರೇನು?
‘ರಾಜ’ ಎನ್ನುವಲ್ಲಿ ‘ಲಾಜ’, ‘ಕಾಗೆ’ ಎನ್ನುವಲ್ಲಿ ‘ತಾದೆ’ ಎಂಬಂತೆ ಒಂದು ಧ್ವನಿಗೆ ಬದಲಾಗಿ ಇನ್ನೊಂದನ್ನು ನುಡಿಯುವುದು ಎಳೆಯ ಮಕ್ಕಳಲ್ಲಿ ಸಹಜ. ರ, ಶ ಮುಂತಾದ ಧ್ವನಿಗಳು ತಡವಾಗಿ ಸ್ಪಷ್ಟಗೊಳ್ಳುತ್ತವೆ. ಆದರೆ ನಾಲ್ಕು ವರ್ಷ ತುಂಬಿದ ಮೇಲೂ ಮಗುವಿನ ಮಾತು ಹೊರಗಿನವರಿಗೆ ಅರ್ಥವಾಗದಿದ್ದಲ್ಲಿ ಪರೀಕ್ಷೆ ಅವಶ್ಯಕ.

ಕಾರಣಗಳು
ಶ್ರವಣದೋಷ, ಸೀಳು ಅಂಗುಳ ಮುಂತಾದವು ಕಾರಣವಾಗಿರಬಹುದು. ಅನೇಕ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ಕಂಡುಬರುವುದಿಲ್ಲ. ಮೊದಲು ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ ಉಚ್ಚಾರಣಾ ದೋಷ ನಿವಾರಣೆಯಾಗುವುದಿಲ್ಲ.

ಮನೆಮಾತು ದೋಷವಲ್ಲ
ಈ ಮೂರು ತಾಲ್ಲೂಕುಗಳಲ್ಲಿ ಕೊಂಕಣಿ, ನವಾಯತಿ, ಉರ್ದು, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ ಮುಂತಾದವು ಮನೆಮಾತುಗಳಾಗಿವೆ. ಶಾಲೆಯ ಭಾಷೆಯನ್ನು ಮನೆಮಾತಿನ ಧಾಟಿಯಲ್ಲಿ ನುಡಿಯುವ ಮಗುವಿಗೆ ಚಿಕಿತ್ಸೆಯ ಅಗತ್ಯವಿಲ್ಲ. ಮನೆಮಾತಿನಲ್ಲಿಯೂ ತೊಂದರೆ ಕಂಡುಬಂದರೆ ಮಾತ್ರ ಅದನ್ನು ದೋಷವೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಪೋಷಕರು ಮನೆಮಾತು ಯಾವುದೆಂದು ತಜ್ಞರಿಗೆ ಮೊದಲೇ ತಿಳಿಸತಕ್ಕದ್ದು. ಚಿಕಿತ್ಸೆಗಾಗಿ ಮನೆಮಾತನ್ನು ಬಿಡಬೇಕಾಗಿಲ್ಲ.

ಚಿಕಿತ್ಸೆಯ ಕ್ರಮ
ಮಗುವು ಸರಿ ಮತ್ತು ತಪ್ಪು ಧ್ವನಿಗಳನ್ನು ಕೇಳಿ ಗುರುತಿಸುವುದನ್ನು ಮೊದಲು ಕಲಿಯುತ್ತದೆ. ಅನಂತರ ಧ್ವನಿಯನ್ನು ಬಿಡಿಯಾಗಿ, ಅಕ್ಷರದಲ್ಲಿ, ಪದದಲ್ಲಿ, ವಾಕ್ಯದಲ್ಲಿ ಹಾಗೂ ಕೊನೆಗೆ ಸಂಭಾಷಣೆಯಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಮನೆಯಲ್ಲಿ ಪ್ರತಿದಿನ ಸ್ವಲ್ಪ ಹೊತ್ತು ಅಭ್ಯಾಸ ನಡೆಯದಿದ್ದರೆ ಪ್ರಗತಿ ನಿಧಾನವಾಗುತ್ತದೆ.

ಸೇವೆ ಪಡೆಯುವ ವಿಧಾನ
1. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಒಂದು ಬಾರಿ ಮಕ್ಕಳ ತಪಾಸಣೆ ನಡೆಸಬೇಕೆಂಬ ನಿಯಮವಿದೆ. ಪೋಷಕರು ಮಾತಿನ ತೊಂದರೆಯನ್ನು ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಶಿಕ್ಷಕರಿಗೆ ಮುಂಚಿತವಾಗಿ ತಿಳಿಸುವುದು.
2. ತಪಾಸಣೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ನೇರವಾಗಿಯೂ ತೋರಿಸಬಹುದು.
3. ಹೆಚ್ಚಿನ ಪರೀಕ್ಷೆಗಾಗಿ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸುವುದು ಈ ಕಾರ್ಯಕ್ರಮದ ಕ್ರಮವಾಗಿದ್ದು, ಸೇವೆ ಉಚಿತವಾಗಿರುತ್ತದೆ.
4. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಹಾಗೂ ಚಿಕಿತ್ಸೆ ಲಭ್ಯ.
5. ಜಿಲ್ಲಾ ಕೇಂದ್ರವಾದ ಕಾರವಾರವು ಭಟ್ಕಳಕ್ಕೆ ಬಹುದೂರ. ಪದೇ ಪದೇ ಪ್ರಯಾಣ ಸಾಧ್ಯವಾಗದ ಕಾರಣ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಬರೆಸಿಕೊಳ್ಳುವುದು. ಮೈಸೂರಿನ ಸಂಸ್ಥೆಯ ದೂರಚಿಕಿತ್ಸಾ ಸೌಲಭ್ಯದ ಬಗ್ಗೆಯೂ ವಿಚಾರಿಸಬಹುದು.
6. ಖಾಸಗಿ ಚಿಕಿತ್ಸಕರಾದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಪರಿಶೀಲಿಸುವುದು.

ಅಂಗವಿಕಲತೆಯ ಪ್ರಮಾಣಪತ್ರ
ವಾಕ್ ಚಿಕಿತ್ಸೆ ಪಡೆಯಲು ಈ ಪ್ರಮಾಣಪತ್ರ ಕಡ್ಡಾಯವಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ವಾಕ್ ಮತ್ತು ಭಾಷಾ ಅಂಗವೈಕಲ್ಯವೆಂದರೆ ದೈಹಿಕ ಅಥವಾ ನರಸಂಬಂಧಿ ಕಾರಣಗಳಿಂದ ಉಂಟಾದ ಶಾಶ್ವತ ನ್ಯೂನತೆ. ಚಿಕಿತ್ಸೆಯಿಂದ ಸರಿಹೋಗುವ ಉಚ್ಚಾರಣಾ ದೋಷ ಇದರಲ್ಲಿ ಸೇರುವುದಿಲ್ಲ.

ವಿಶೇಷ ಸೂಚನೆ
ಮಗುವಿನ ಮಾತನ್ನು ಅನುಕರಿಸಿ ಹಾಸ್ಯ ಮಾಡಬಾರದು. ಅಂತಹ ಹಾಸ್ಯಕ್ಕೆ ಅಂಜಿದ ಮಗು ತರಗತಿಯಲ್ಲಿ ಗಟ್ಟಿಯಾಗಿ ಓದುವುದನ್ನೂ ಪ್ರಶ್ನೆ ಕೇಳುವುದನ್ನೂ ಬಿಟ್ಟುಬಿಡುವ ಸಂಭವವಿರುತ್ತದೆ. ತಪ್ಪಾಗಿ ನುಡಿದ ಪದವನ್ನು ಹಿರಿಯರು ಸರಿಯಾಗಿ, ನಿಧಾನವಾಗಿ ಒಮ್ಮೆ ನುಡಿದು ಮಾತು ಮುಂದುವರಿಸುವುದು ಸೂಕ್ತ.