ಗಾರೆ ಕಳಚಿದ ಬಸಿಲಿಕಾ

ಹಳೆಯ ಗೋವೆಯ ಕಥೆಯಲ್ಲಿ ನಮ್ಮ ಜಿಲ್ಲೆಯವನೊಬ್ಬನ ಕೈಯೂ ಇದೆ ಎಂದರೆ ತರಗತಿಯಲ್ಲಿ ಯಾರೂ ನಂಬುತ್ತಿರಲಿಲ್ಲ. 1510ರಲ್ಲಿ ಆ ಬಂದರು ಬಿಜಾಪುರದ ಆದಿಲ್‌ಶಾಹಿಗಳ ವಶದಲ್ಲಿತ್ತು. ಅದರ ಮೇಲೆ ಏರಿಹೋಗುವಂತೆ ಪೋರ್ಚುಗೀಸರ ಅಲ್ಬುಕರ್ಕನಿಗೆ ಸಲಹೆ ಕೊಟ್ಟು, ಜೊತೆಗೂ ನಿಂತವನು ಹೊನ್ನಾವರದ ತಿಮ್ಮೋಜ. ಮೊದಲು ಗೆದ್ದು, ಕಳೆದುಕೊಂಡು, ನವೆಂಬರ್ 25ರಂದು ಪೋರ್ಚುಗೀಸರು ಮತ್ತೆ ಗೆದ್ದರು. ಅಂದು ಸಂತ ಕ್ಯಾಥರೀನಳ ಹಬ್ಬ. ಅಲ್ಲಿನ ಸೆ ಕೆಥೆಡ್ರಲ್ ಅವಳ ಹೆಸರಿನಲ್ಲಿರುವುದು ಅದಕ್ಕೇ. ಅದಕ್ಕೂ ಹಿಂದೆ ಗೋವೆಯನ್ನಾಳಿದ ಕದಂಬರ ಹಲವು ಶಾಸನಗಳಂತೂ ಕನ್ನಡದವೇ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಪ್ರವಾಸದಲ್ಲಿ ಎರಡು ಸಲ, ನಿವೃತ್ತನಾದ ಮೇಲೆ ಒಮ್ಮೆ ನಾನು ಅಲ್ಲಿಗೆ ಹೋಗಿದ್ದೇನೆ. ಮಕ್ಕಳು ಮೊದಲು ಓಡುವುದು ಬೊಂ ಜೀಸಸ್ ಬಸಿಲಿಕಾದೊಳಗೆ, ಸಂತ ಫ್ರಾನ್ಸಿಸ್ ಕ್ಸೇವಿಯರನ ಬೆಳ್ಳಿಪೆಟ್ಟಿಗೆಯತ್ತ. ಸ್ಪೇನಿನ ನವಾರದಲ್ಲಿ ಹುಟ್ಟಿದ ಈತ 1542ರಲ್ಲಿ ಗೋವೆಗೆ ಬಂದು, ಹತ್ತು ವರ್ಷಗಳ ನಂತರ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ. ಮಾಂಸ ಬೇಗ ಕರಗಲೆಂದು ಶವದ ಸುತ್ತ ಸುಣ್ಣ ತುಂಬಿ ಹೂಳಿದ್ದರಂತೆ. ದೇಹ ಕೆಡಲಿಲ್ಲ ಎಂಬುದು ಭಕ್ತರ ನಂಬಿಕೆ. ಮಲಕ್ಕಾ ಮಾರ್ಗವಾಗಿ 1554ರಲ್ಲಿ ಅದು ಗೋವೆ ತಲುಪಿತು. ಪೆಟ್ಟಿಗೆ ಗೋವೆಯ ಅಕ್ಕಸಾಲಿಗರ ಕೈಕೆಲಸ. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಕಳಿಸಿದ್ದು. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಇಳಿಸಿ ಎದುರಿನ ಕೆಥೆಡ್ರಲ್‌ನಲ್ಲಿ ದರ್ಶನಕ್ಕಿಡುತ್ತಾರೆ. ಸಾಲಿನಲ್ಲಿ ನಿಲ್ಲುವವರಲ್ಲಿ ಹಿಂದೂಗಳೂ ಇರುತ್ತಾರೆ.

"ಸರ್, ಇವರು ಒಳ್ಳೆಯವರಾ?" ಎಂದು ಒಬ್ಬ ಹುಡುಗಿ ಕೇಳಿದಳು. ರೋಗಿಗಳ ಆರೈಕೆ ಮಾಡಿದವನೂ ಅವನೇ, ಗೋವೆಗೆ ಇನ್‌ಕ್ವಿಸಿಷನ್ ಬೇಕೆಂದು ಪೋರ್ಚುಗಲ್ ದೊರೆಗೆ ಬರೆದವನೂ ಅವನೇ ಎಂದೆ. ಆ ಧರ್ಮವಿಚಾರಣಾ ನ್ಯಾಯಾಲಯ 1560ರಲ್ಲಿ, ಅವನು ಸತ್ತ ಮೇಲೆ ಬಂತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ನಡೆಯಿತು. ಗುಡಿಗಳು ಉರುಳಿದವು. ಅನೇಕರು ದೇವರನ್ನು ಹೊತ್ತು ಊರು ಬಿಟ್ಟರು. ಕ್ರೈಸ್ತರಾದವರಲ್ಲೂ ಎಷ್ಟೋ ಕುಟುಂಬಗಳು ನಮ್ಮ ಕರಾವಳಿಗೆ ಇಳಿದುಬಂದವು. ಇವರೆಲ್ಲರ ಮೊಮ್ಮಕ್ಕಳು ನಮ್ಮ ಹಾಜರಿ ಪುಸ್ತಕದಲ್ಲೇ ಇದ್ದರು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ನನ್ನಿಂದಾಗಲಿಲ್ಲ.

ಕಟ್ಟಡಗಳ ವಿಷಯಕ್ಕೆ ಬರುತ್ತೇನೆ. ಕೆಥೆಡ್ರಲ್‌ಗಿದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಸಂತ ಕಜೆಟಾನ್ ಚರ್ಚಿನ ಅಂಗಳದಲ್ಲಿ ಆದಿಲ್‌ಶಾಹಿ ಅರಮನೆಯದೆನ್ನುವ ಕಪ್ಪುಕಲ್ಲಿನ ಬಾಗಿಲು ಒಂಟಿಯಾಗಿ ನಿಂತಿದೆ. ಸಾಂಕ್ರಾಮಿಕ ರೋಗಗಳಿಂದ ಊರೇ ಖಾಲಿಯಾಗಿ, 1843ರಲ್ಲಿ ರಾಜಧಾನಿ ಪಣಜಿಗೆ ಹೋಯಿತು.

ಬಸಿಲಿಕಾದ ಕೆಲಸ ಶುರುವಾದದ್ದು 1594ರಲ್ಲಿ, ಪ್ರತಿಷ್ಠೆ 1605ರಲ್ಲಿ. ಗೋಡೆ ನಮ್ಮ ಊರಿನ ಮನೆಗಳದೇ ಚಿರೇಕಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಗಟ್ಟಿ. ಆದರೆ ಮೈಯೆಲ್ಲ ತೂತು, ನೀರು ಕುಡಿಯುತ್ತದೆ. ಕಟ್ಟಿದವರಿಗೆ ಇದು ತಿಳಿದಿತ್ತು, ಸುಣ್ಣದ ಗಾರೆ ಹಚ್ಚಿದ್ದರು. 1950ರ ದಶಕದಲ್ಲಿ, ಕೆಂಪುಕಲ್ಲು ಕಂಡರೆ ಪುರಾತನವಾಗಿ ಕಾಣುತ್ತದೆಂದು ಅದನ್ನು ಕೆರೆದು ತೆಗೆದರು. ಇಂದು ಫೋಟೋಗಳಲ್ಲಿ ಎಲ್ಲರೂ ಮೆಚ್ಚುವುದು ಆ ಬೋಳು ಗೋಡೆಯನ್ನೇ. ಹತ್ತಿರ ಹೋದರೆ ಕಲ್ಲು ಸವೆದ ಗುಳಿಗಳು, ಪಾಚಿ. ಮತ್ತೆ ಗಾರೆ ಹಚ್ಚಿ ಎಂದು ಬಸಿಲಿಕಾದವರೇ ಈಚೆಗೆ ಕೇಳುತ್ತಿದ್ದಾರೆ.

ಇದನ್ನಿಷ್ಟು ಬರೆಯಲು ಕಾರಣವಿದೆ. ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಹಳೆಯ ಕಟ್ಟಡದ ಗಾರೆ ಕೆತ್ತಿ ಚಿರೇಕಲ್ಲು ಕಾಣುವಂತೆ ಮಾಡೋಣವೆಂಬ ಮಾತು ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಬಂದಿದೆ. ಉಳಿ ಎತ್ತುವ ಮೊದಲು ಸಮಿತಿಯವರು ಒಮ್ಮೆ ಗೋವೆಗೆ ಹೋಗಿ, ಮಳೆಗಾಲ ಮುಗಿದ ಕೂಡಲೆ ಆ ಗೋಡೆಯ ಮೇಲೆ ಕೈಯಾಡಿಸಿ ನೋಡಲಿ. ಕಾರವಾರದ ಮೇಲೆ ಹೋದರೆ ದೂರವೇನಿಲ್ಲ.