ಕೈರೆಕ್ಕೆ ಕಡಲಿಗಿಳಿದ ಬಗೆ

ಉತ್ತರ ಯೂರೋಪಿನ ಸರೋವರಗಳು ಹೆಪ್ಪುಗಟ್ಟುವ ಮಾಗಿಯ ದಿನಗಳಲ್ಲಿ, ಪಾದರಕ್ಷೆಗೆ ಉಕ್ಕಿನ ಅಲಗುಗಳನ್ನು ಕಟ್ಟಿಕೊಂಡು, ಹಗುರವಾದ ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ಮಾಡಿದ ಹಾಯಿಯನ್ನು ಹೆಗಲಿಗೆ ಆನಿಸಿ ಎರಡು ಕೈಗಳಿಂದಲೂ ಹಿಡಿದು, ಗಾಳಿಯೊಂದನ್ನೇ ನೆಚ್ಚಿ ಹರದಾರಿಗಟ್ಟಲೆ ಜಾರುವ ವಿನೋದವು 19ನೆಯ ಶತಮಾನದಲ್ಲಿಯೇ ರೂಢಿಯಲ್ಲಿದ್ದಿತು. ಅದರಲ್ಲಿ ಮನುಷ್ಯದೇಹವೇ ಕೂವೆಕಂಬ, ತೋಳುಗಳೇ ಹಗ್ಗ, ಪಾದಗಳೇ ಚುಕ್ಕಾಣಿ. ಮಂಜುಗಡ್ಡೆಯ ಮೇಲೆ ಇಷ್ಟು ಸರಾಗವಾಗಿ ಸಾಗಿದ ಈ ಉಪಾಯವು ನೀರಿನ ಮೇಲೆ ನೆಲೆಗೊಳ್ಳಲು ಮತ್ತೆ ನೂರು ವರ್ಷಗಳಿಗೂ ಮೀರಿ ಕಾಯಬೇಕಾಯಿತೆಂಬುದು ಮೊದಲಿಗೆ ಸೋಜಿಗವೆನಿಸಿದರೂ, ಅದರ ಕಾರಣವನ್ನು ಅರಿತವನಿಗೆ ನೀರಿನ ಮೇಲೆ ಕೈಯಲ್ಲಿ ಹಿಡಿದು ಸಾಗುವ ಇಂದಿನ ಹಾಯಿಯ, ಎಂದರೆ ಕೈರೆಕ್ಕೆಯ, ಆಕರ್ಷಣೆಯೂ ಅದರ ಮಿತಿಯೂ ಒಂದೇ ಮೂಲದಿಂದ ಹೊರಟವೆಂದು ತಿಳಿಯುತ್ತದೆ.

ಮಂಜುಗಡ್ಡೆಯ ಮೇಲೆ ಘರ್ಷಣೆಯು ಅತ್ಯಲ್ಪವಾದುದರಿಂದ ತೋಳು ತಡೆಯಬಲ್ಲಷ್ಟು ಎಳೆತವೇ ಅಲ್ಲಿ ಧಾರಾಳವಾಯಿತು. ನೀರು ಹಾಗಲ್ಲ, ಹಲಗೆಯು ಅದನ್ನು ಸೀಳಬೇಕು, ತಳ್ಳಬೇಕು, ತಾನೆಬ್ಬಿಸಿದ ಅಲೆಯನ್ನು ತಾನೇ ಏರಬೇಕು. ಇದಕ್ಕೆ ಬೇಕಾದ ಬಲವನ್ನು ಬರಿಯ ತೋಳುಗಳಲ್ಲಿ ಬಹಳ ಹೊತ್ತು ಹಿಡಿದು ನಿಲ್ಲುವುದು ಅಸಾಧ್ಯವಾದುದರಿಂದಲೇ, ಹಾಯಿಯನ್ನು ಹಲಗೆಗೆ ಜೋಡಿಸುವ ಬಗೆಯನ್ನು ಕುರಿತು ಒಂದು ತಲೆಮಾರಿನವರು ತಲೆ ಕೆಡಿಸಿಕೊಂಡರು. ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ 1958ರಲ್ಲಿ, ಬಾಲಕನಾಗಿದ್ದಾಗಲೇ, ಅಂಥ ಹಾಯಿಹಲಗೆಯೊಂದನ್ನು ಕಟ್ಟಿದನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ 1964ರಲ್ಲಿ ಕಟ್ಟಿದನು. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಎಂಬ ವಿಮಾನಶಾಸ್ತ್ರದ ಎಂಜಿನಿಯರನೂ ಅವನ ಗೆಳೆಯ ಹಾಯ್ಲ್ ಶ್ವೈಟ್ಸರನೂ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1970ರಲ್ಲಿ ಅದನ್ನು ಪಡೆದರು. ಮೊದಲಿಗರು ಯಾರೆಂಬ ವ್ಯಾಜ್ಯವು ನ್ಯಾಯಾಲಯದವರೆಗೂ ಹೋಯಿತು. ಅದು ನಮಗೆ ಇಲ್ಲಿ ಅಪ್ರಕೃತ. ಕೂವೆಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲನ್ನು ಇರಿಸಿ, ಹಾಯಿಯ ಭಾರವನ್ನೂ ಎಳೆತದ ಬಹುಭಾಗವನ್ನೂ ಹಲಗೆಗೆ ಒಪ್ಪಿಸಿದುದೇ ವಿಂಡ್‌ಸರ್ಫಿಂಗಿನ ಹೃದಯವೆಂಬುದು ಮಾತ್ರ ಪ್ರಕೃತ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರುನೋ ಮತ್ತು ಡೊಮಿನಿಕ್ ಲೆಗೆನ್ಯೂ ಸೋದರರು 1984ರಲ್ಲಿ ಗಾಳಿ ತುಂಬಿದ ಕೊಳವೆಯುಳ್ಳ ಗಾಳಿಪಟಕ್ಕೆ ಪೇಟೆಂಟು ಪಡೆದು ಮುಂದೆ ಕೈಟ್‌ಸರ್ಫಿಂಗಿಗೆ ದಾರಿ ಮಾಡಿದಾಗಲೂ, ಆ ಪಟದ ಸೆಳೆತವನ್ನು ಹೊತ್ತುದು ಸೊಂಟದ ಪಟ್ಟಿಯೇ ಹೊರತು ತೋಳುಗಳಲ್ಲ.

ಹೀಗೆ ಹಾಯಿಯ ಕಡೆಯಿಂದ ಸಮಸ್ಯೆಯನ್ನು ಬಿಡಿಸುತ್ತಿದ್ದವರಿಗೆ ಉತ್ತರವು ನೀರಿನ ಕೆಳಗಿನಿಂದ ಬಂದಿತು. ಇಟಲಿಯ ಎನ್ರಿಕೋ ಫೊರ್ಲಾನಿನಿಯು 1906ರಲ್ಲಿ ಮಜ್ಜೋರೆ ಸರೋವರದ ಮೇಲೆ, ತಳದಲ್ಲಿ ಏಣಿಯ ಮೆಟ್ಟಿಲುಗಳಂತೆ ರೆಕ್ಕೆಗಳನ್ನು ಜೋಡಿಸಿದ ದೋಣಿಯನ್ನು ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದನು. ದೂರವಾಣಿಯ ನಿರ್ಮಾತೃವಾದ ಅಲೆಗ್ಸಾಂಡರ್ ಗ್ರಹಾಂ ಬೆಲ್, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕೇಸಿ ಬಾಲ್ಡ್ವಿನ್ನನೊಡನೆ ಕಟ್ಟಿದ ಎಚ್‌ಡಿ-4 ಎಂಬ ದೋಣಿಯು 1919ರ ಸೆಪ್ಟೆಂಬರಿನಲ್ಲಿ ಕೆನಡಾದ ನೋವಾ ಸ್ಕಾಷಿಯದ ಸರೋವರದಲ್ಲಿ ಗಂಟೆಗೆ 114 ಕಿಲೋಮೀಟರನ್ನು ಮುಟ್ಟಿತು. ನೀರು ಗಾಳಿಗಿಂತ ಎಂಟುನೂರು ಮಡಿ ಸಾಂದ್ರವಾದುದು; ಆದುದರಿಂದ ವಿಮಾನವನ್ನೆತ್ತಲು ವಿಶಾಲವಾದ ರೆಕ್ಕೆ ಬೇಕಾದರೆ, ನೀರೊಳಗೆ ಒಬ್ಬ ಮನುಷ್ಯನನ್ನು ಎತ್ತಲು ಸಾವಿರದಿಂದ ಎರಡು ಸಾವಿರ ಚದರ ಸೆಂಟಿಮೀಟರಿನ ಪುಟ್ಟ ರೆಕ್ಕೆ, ಎಂದರೆ ಫಾಯಿಲ್, ಸಾಕಾಗುತ್ತದೆ. ಎತ್ತಿದ ಮೇಲೆ ಹಲಗೆಗೆ ನೀರಿನ ಸೋಂಕೇ ಇಲ್ಲ. ಉಳಿಯುವುದು ತೆಳ್ಳನೆಯ ಕಂಬವೊಂದು, ಅದರಡಿಯ ಫಾಯಿಲ್ ಒಂದು. ಹಡಗುಕಟ್ಟೆಗಳಲ್ಲಿ ಬೆಳೆದ ಈ ವಿದ್ಯೆಯನ್ನು ಹವಾಯಿಯ ಲೇರ್ಡ್ ಹ್ಯಾಮಿಲ್ಟನ್ ಮುಂತಾದವರು ಅಲೆಯ ಹಲಗೆಗೆ ತಂದರು. 2003ರ ‘ಸ್ಟೆಪ್ ಇನ್ಟು ಲಿಕ್ವಿಡ್’ ಚಲನಚಿತ್ರದಲ್ಲಿ ಲೋಕವೇ ಅದನ್ನು ಕಂಡಿತು.

ಮಂಜುಗಡ್ಡೆಯ ನುಣುಪು ನೀರಿಗೂ ಹೀಗೆ ಒದಗಿದ ಬಳಿಕ, ಕೈಯಲ್ಲಿ ಹಿಡಿಯುವ ಹಾಯಿಯು ಮರಳಿ ಬರುವುದು ಕೇವಲ ಕಾಲದ ಮಾತಾಗಿದ್ದಿತು. ಅದು ಬಂದ ನೆಲ ಹವಾಯಿಯ ಮಾವಿ ದ್ವೀಪ. ಪೂರ್ವಕ್ಕೆ ಮೂರು ಸಾವಿರ ಮೀಟರಿಗೂ ಎತ್ತರವಾದ ಹಲೇಅಕಲಾ, ಪಶ್ಚಿಮಕ್ಕೆ ಮತ್ತೊಂದು ಪರ್ವತಸಮೂಹ. ಇವೆರಡರ ನಡುವಣ ತಗ್ಗಿನಲ್ಲಿ ಈಶಾನ್ಯದ ವಾಣಿಜ್ಯ ಮಾರುತವು ಒತ್ತರಿಸಿ ವೇಗಗೊಂಡು ಬೀಸುವುದರಿಂದ, ಕಾಹುಲುಯಿ ಬಂದರಿನ ಸುತ್ತಲಿನ ಕರೆಯು ಗಾಳಿಯ ಕ್ರೀಡೆಗಳಿಗೆಲ್ಲ ತೌರುಮನೆಯಾಗಿದೆ. ವಿಂಡ್‌ಸರ್ಫಿಂಗಿನಲ್ಲಿ ಯೌವನದಲ್ಲಿಯೇ ಹೆಸರಾಗಿ ಮುಂದೆ ಗಾಳಿಪಟಗಳ ವಿನ್ಯಾಸಕನಾದ ಕೆನ್ ವಿನ್ನರ್, ಕೈಯಲ್ಲಿ ಹಿಡಿಯುವ ಇಂಥ ರೆಕ್ಕೆಯನ್ನು ಇಲ್ಲಿ ತಿದ್ದಿ ತೀಡಿದನು. 2019ರಲ್ಲಿ ಡ್ಯುಯೋಟೋನ್, ನೈಷ್, ಸ್ಲಿಂಗ್‌ಶಾಟ್ ಎಂಬ ಸಂಸ್ಥೆಗಳ ರೆಕ್ಕೆಗಳು ಅಂಗಡಿಗಳಿಗೆ ಬಂದವು. ಗಾಳಿಪಟದಿಂದ ಎರವು ಪಡೆದ, ಪಂಪಿನಿಂದ ಬಿರುಸಾಗಿ ಊದಿದ ಕೊಳವೆಯೊಂದು ಮುಂದಿನ ಅಂಚು. ನಡುವೆ ಬೆನ್ನೆಲುಬಾಗಿ ಇನ್ನೊಂದು ಕೊಳವೆ, ಅವುಗಳ ನಡುವೆ ಬಿಗಿದ ಬಟ್ಟೆ, ಹಿಡಿಯಲು ಕೆಲವು ಹಿಡಿಕೆಗಳು. ತೂಕವೆಲ್ಲ ಸೇರಿ ಎರಡು ಮೂರು ಕಿಲೋಗ್ರಾಂ.

ಇದರ ಸೊಗಸನ್ನು ಬಲ್ಲವರು ಮೊದಲು ಹೇಳುವುದು ಅದರ ಸರಳತೆಯನ್ನು. ಇಪ್ಪತ್ತು ಮೀಟರಿನ ದಾರಗಳು ಇಲ್ಲವಾದುದರಿಂದ ದಡದಲ್ಲಿ ಯಾರ ಕೊರಳಿಗೂ ಸಿಕ್ಕಿಕೊಳ್ಳುವ ಭಯವಿಲ್ಲ. ಕಾರಿನ ಹಿಂಬದಿಯಲ್ಲಿ ಸಕಲ ಸಲಕರಣೆಯೂ ಹಿಡಿಸುತ್ತದೆ. ಹಿಂದಿನ ಕೈಯನ್ನು ಬಿಟ್ಟೊಡನೆ ರೆಕ್ಕೆಯು ಬಲವನ್ನೆಲ್ಲ ಕಳೆದುಕೊಂಡು ಬಾವುಟದಂತೆ ಹಾರಾಡುತ್ತದೆ. ಆದರೆ ನನ್ನ ಎಣಿಕೆಯಲ್ಲಿ ಅದರ ನಿಜವಾದ ಸೊಗಸು ಬೇರೊಂದು ಗಳಿಗೆಯಲ್ಲಿದೆ. ಹಲಗೆಯ ತಳಕ್ಕೆ ಬಡಿಯುತ್ತಿದ್ದ ನೀರಿನ ಸದ್ದು ಥಟ್ಟನೆ ನಿಂತು, ಮೊಳಕಾಲೆತ್ತರಕ್ಕೆ ಮೈ ಎದ್ದು, ವೇಗವು ತಾನಾಗಿಯೇ ಇಮ್ಮಡಿಸಿದ ಮೇಲೆ, ಹಿಂದಿನಿಂದ ಕಡಲಿನ ದೊಡ್ಡ ಅಲೆಯೊಂದು ಬಂದು ಫಾಯಿಲನ್ನು ಎತ್ತಿಕೊಂಡಾಗ ಸವಾರನು ಮುಂದಿನ ಹಿಡಿಕೆಯೊಂದನ್ನೇ ಹಿಡಿದು ರೆಕ್ಕೆಯನ್ನು ಬೆನ್ನ ಹಿಂದಕ್ಕೆ ಬಿಟ್ಟುಬಿಡುತ್ತಾನೆ. ಆಗ ಅವನನ್ನು ಒಯ್ಯುವುದು ಗಾಳಿಯಲ್ಲ, ಅಲೆ. ಕೂವೆಕಂಬವುಳ್ಳ ಹಲಗೆಗೆ ಈ ಸ್ವಾತಂತ್ರ್ಯವಿಲ್ಲ, ದಾರದ ಪಟಕ್ಕಂತೂ ಇಲ್ಲವೇ ಇಲ್ಲ.

ಆ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯು ಮಂದಗಾಳಿಯಲ್ಲಿ ತಿಳಿಯುತ್ತದೆ. ಗಾಳಿಯ ಬಲವು ಅದರ ವೇಗದ ವರ್ಗವನ್ನು ಅನುಸರಿಸುವುದರಿಂದ, 20 ನಾಟ್ ಗಾಳಿಯಲ್ಲಿ 5 ಚದರ ಮೀಟರಿನ ರೆಕ್ಕೆ ನೀಡುವ ಬಲವನ್ನು 10 ನಾಟ್ ಗಾಳಿಯಲ್ಲಿ ಪಡೆಯಬೇಕಾದರೆ 20 ಚದರ ಮೀಟರಿನ ರೆಕ್ಕೆ ಬೇಕು. ಅಷ್ಟು ದೊಡ್ಡದನ್ನು ಹಿಡಿಯುವುದು ಹೇಗೆ? 7 ಚದರ ಮೀಟರಿನದನ್ನು ಎತ್ತಿ ಹಿಡಿದಾಗಲೇ ಅದರ ತುದಿಯು ನೀರನ್ನು ತಾಕಲು ಹವಣಿಸುತ್ತದೆ. ತಾಕಿದರೆ ಸವಾರನು ಮಗುಚಿಬೀಳುತ್ತಾನೆ. ರೆಕ್ಕೆಯ ಅಗಲಕ್ಕೆ ಮನುಷ್ಯನ ಎತ್ತರವೇ ಎಲ್ಲೆ. ಅದೇ ಮಂದಗಾಳಿಯಲ್ಲಿ ಪಟದವನು ತನ್ನ ಪಟವನ್ನು ಆಕಾಶದಲ್ಲಿ ಎಂಟರ ಅಂಕೆಯಂತೆ ಸುತ್ತಿಸಿ, ಅದರ ಓಟದಿಂದಲೇ ಗಾಳಿಯನ್ನು ಹೆಚ್ಚಿಸಿಕೊಳ್ಳಬಲ್ಲನು. ಕೈರೆಕ್ಕೆಗೆ ಆ ಉಪಾಯವಿಲ್ಲ. ಮುಂದಂಚಿನ ಊದಿದ ಕೊಳವೆಯು ದಪ್ಪವಾದುದರಿಂದ ಗಾಳಿಗೆದುರಾಗಿ ಏರುವಾಗ ಅದು ಎಳೆತವನ್ನು ಹೆಚ್ಚಿಸುತ್ತದೆ. ಫಾಯಿಲಿನ ಕಂಬವು ಎಪ್ಪತ್ತರಿಂದ ತೊಂಬತ್ತು ಸೆಂಟಿಮೀಟರ್ ಉದ್ದವಿರುವುದರಿಂದ ಆಳವಿಲ್ಲದ ಮರಳುದಿಣ್ಣೆಗಳೂ ಪಾಚಿ ಬೆಳೆದ ಕೊಲ್ಲಿಗಳೂ ಅದಕ್ಕೆ ವರ್ಜ್ಯ. ಅದರ ಅಂಚುಗಳೋ, ಬಿದ್ದವನ ಮೈಯನ್ನು ಸೀಳುವಷ್ಟು ಹರಿತ. ಗಾಳಿಯು ದಡದಿಂದ ಕಡಲಿನತ್ತ ಬೀಸುತ್ತಿದ್ದು ನಡುವೆ ನಿಂತುಹೋದರೆ, ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಯಿಂದ ಹುಟ್ಟು ಹಾಕುತ್ತ ಮರಳಬೇಕು. ಹೊಸಬರು ಶಿರಸ್ತ್ರಾಣವನ್ನೂ ಜೊತೆಗಾರನನ್ನೂ ಬಿಟ್ಟು ಹೋಗಬಾರದೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ಇನ್ನು ಸ್ಪರ್ಧೆಯ ಮಾತಿಗೆ ಬಂದರೆ, 2024ರ ಪ್ಯಾರಿಸ್ ಒಲಿಂಪಿಕ್ಸಿಗಾಗಿ ಮಾರ್ಸೆಯ ಕಡಲಿನಲ್ಲಿ ನಡೆದ ಹಾಯಿಸ್ಪರ್ಧೆಗಳಲ್ಲಿ ಫಾಯಿಲಿನ ಮೇಲೇರಿದ ವಿಂಡ್‌ಸರ್ಫಿಂಗಿಗೂ ಪಟಕ್ಕೂ ಸ್ಥಾನ ದೊರೆಯಿತು, ಕೈರೆಕ್ಕೆಗೆ ದೊರೆಯಲಿಲ್ಲ.

ಮಾವಿಯಲ್ಲಿ ಮಲಿಕೊ ಕಣಿವೆಯ ಬಾಯಿಂದ ಕಾಹುಲುಯಿ ಬಂದರಿನವರೆಗೆ ಗಾಳಿಯ ಜೊತೆಯಲ್ಲಿಯೇ ಅಲೆಯಿಂದ ಅಲೆಗೆ ಸಾಗುವ ಹಾದಿಯೊಂದಿದೆ. ಅದನ್ನು ಹಿಡಿದು ಹೋಗುವವರಿಗೆ ಬೆನ್ನ ಹಿಂದೆ ಹಾರಾಡುವ ರೆಕ್ಕೆಯೂ ಹೊರೆಯೆನಿಸಿತು. ಅವರಿಗಾಗಿ 2024ರಲ್ಲಿ ಅದೇ ದ್ವೀಪದಿಂದ, ಕೊಳವೆಯೇ ಇಲ್ಲದ, ಬರಿಯ ಬಟ್ಟೆ ಮತ್ತು ಗಿಡ್ಡ ದಾರಗಳ ಪ್ಯಾರಾವಿಂಗ್ ಹೊರಬಂದಿತು. ಫಾಯಿಲಿನ ಮೇಲೇರುವವರೆಗೆ ಅದನ್ನು ಹಿಡಿದು, ಅಲೆ ಸಿಕ್ಕಿದೊಡನೆ ಒಂದೇ ಕೈಯಲ್ಲಿ ಮುದುಡಿ ಸೊಂಟದ ಚೀಲಕ್ಕೆ ತುರುಕಬಹುದು. ಗಾಳಿಗೆದುರಾಗಿ ಏರುವುದರಲ್ಲಿ ಅದು ಕೈರೆಕ್ಕೆಗಿಂತಲೂ ದುರ್ಬಲವಾದುದರಿಂದ, ಮಲಿಕೊ ಹಾದಿಯವರು ಅದನ್ನು ಆರಿಸಿಕೊಂಡರೂ, ಹೊರಟ ದಡಕ್ಕೇ ಮರಳಬೇಕಾದವರು ಊದಿದ ಕೊಳವೆಯ ರೆಕ್ಕೆಯನ್ನೇ ಹಿಡಿದಿದ್ದಾರೆ.